ಮಗಳು ಗಣಿತದಲ್ಲಿ ಕ್ಲಾಸಿಗಿಂತ ಮುಂದೆ ಓಡುತ್ತಿದ್ದಾಳೆ, ಮೇಲಿನ ಕ್ಲಾಸಿಗೆ ಕೂರಿಸಬೇಕಾ?

ಬನಶಂಕರಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮಗಳಿಗೆ ಒಂಬತ್ತು ವರ್ಷ. ಇಲ್ಲೇ ಬನಶಂಕರಿ ಹತ್ತಿರ ಒಂದು ಸಿಬಿಎಸ್‌ಇ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸ್. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ. ನಾವೇನೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ. ಅಬ್ಯಾಕಸ್‌ಗೆ ಸೇರಿಸಿದ್ದೆವು, ಮೂರು ತಿಂಗಳಿಗೆ ಬಿಟ್ಟಳು. ಆದರೆ ಮೇಲಿನ ಮನೆ ಹುಡುಗಿಯ ಆರನೇ ಕ್ಲಾಸಿನ ಎನ್‌ಸಿಇಆರ್‌ಟಿ ಗಣಿತದ ಪುಸ್ತಕ ಒಂದು ಭಾನುವಾರ ಇವಳ ಕೈಗೆ ಸಿಕ್ಕಿತು ನೋಡಿ, ಅದನ್ನು ವಾಪಸ್ ಕೊಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅದರಲ್ಲಿ ಕಾಪ್ರೇಕರ್ ಅನ್ನುವ ಗಣಿತಜ್ಞರ ಒಂದು ಆಟ ಇದೆ. ನಾಲ್ಕಂಕಿಯ ಸಂಖ್ಯೆ ತಗೊಳ್ಳಬೇಕು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೇ ಮಾಡುತ್ತಾ ಹೋದರೆ ಕೊನೆಗೆ 6174ಕ್ಕೆ ಬಂದು ನಿಲ್ಲುತ್ತದೆ. ಇವಳು ಇದನ್ನು ಗಾಡಿಗಳ ನಂಬರ್ ಪ್ಲೇಟ್ ಮೇಲೆ ಆಡುತ್ತಾಳೆ. ಸ್ಕೂಟರ್ ಹಿಂದೆ ಕೂತು, ಬನಶಂಕರಿ ಸಿಗ್ನಲ್‌ನಲ್ಲಿ ಮುಂದಿನ ಆಟೋ 3087 ಅಂತಿದ್ದರೆ 8730ರಲ್ಲಿ 0378 ಹೋದರೆ 8352, 8532ರಲ್ಲಿ 2358 ಹೋದರೆ 6174, "ಅಮ್ಮಾ ಎರಡೇ ಸಲ!" ಅಂತ ನನ್ನ ಬೆನ್ನಿಗೆ ಗುದ್ದುತ್ತಾಳೆ. ಮೊನ್ನೆ 2014 ಅಂತ ಒಂದು ಕಾರು. ಏಳು ಸಲ ಕಳೆಯಬೇಕಾಯಿತು, ಮನೆ ಬಂದರೂ ಮುಗಿದಿರಲಿಲ್ಲ, ಗೇಟಿನ ಹತ್ತಿರ ನಿಂತು ಮುಗಿಸಿದಳು. 7777 ಅಂತ ಒಂದು ದೊಡ್ಡ ಗಾಡಿ ಬಂದಾಗ ಮಾತ್ರ ನಕ್ಕಿದ್ದೇ ನಕ್ಕಿದ್ದು. ಎಲ್ಲಾ ಒಂದೇ ಅಂಕಿ ಆದರೆ ಕಳೆದಾಗ ಸೊನ್ನೆ ಅಲ್ವಾ. "ಪಾಪ, ಅಷ್ಟು ದುಡ್ಡು ಕೊಟ್ಟು ಸೊನ್ನೆ ತಗೊಂಡಿದ್ದಾರೆ" ಅಂತೆ.

ಕ್ಲಾಸಿನಲ್ಲಿ ಕಥೆ ಬೇರೆ. ಲೆಕ್ಕ ಐದು ನಿಮಿಷಕ್ಕೆ ಮುಗಿಸಿ ಪಕ್ಕದವಳ ಜೊತೆ ಮಾತು. ಡೈರಿಯಲ್ಲಿ ಈ ತಿಂಗಳು ಮೂರು ನೋಟ್ ಬಂದಿವೆ. ಕಳೆದ ಟೆಸ್ಟಿನಲ್ಲಿ 20ಕ್ಕೆ 14. ಉತ್ತರ ಎಲ್ಲಾ ಸರಿ, ಸ್ಟೆಪ್ಸ್ ಬರೆದಿಲ್ಲ ಅಂತ ಮಾರ್ಕ್ಸ್ ಕಟ್.

ಪೇರೆಂಟ್ಸ್ ಮೀಟಿಂಗಿನಲ್ಲಿ ಗಣಿತದ ಮಿಸ್, ಆರನೇ ಕ್ಲಾಸಿನ ಗಣಿತ ಪೀರಿಯಡ್‌ಗೆ ಕಳಿಸೋಣ ಅಂದರು. ಪ್ರಿನ್ಸಿಪಾಲ್ ಇನ್ನೂ ಮುಂದೆ ಹೋಗಿ, ಬೇಕಿದ್ದರೆ ಮುಂದಿನ ವರ್ಷ ಐದು ಬಿಟ್ಟು ನೇರ ಆರಕ್ಕೆ ಹಾಕೋಣ ಅಂದರು. ನಮ್ಮ ಯಜಮಾನರು ಒಂದೇ ಕಾಲಲ್ಲಿ ನಿಂತಿದ್ದಾರೆ. ಅತ್ತೆ, "ಕಾಯಿನ ಗುದ್ದಿ ಹಣ್ಣು ಮಾಡ್ಬೇಡ್ರಮ್ಮ" ಅನ್ನುತ್ತಿದ್ದಾರೆ. ನಾನು ಮಧ್ಯದಲ್ಲಿ. ಕನ್ನಡ ಬರವಣಿಗೆ ಬೇರೆ ನಿಧಾನ, ಒತ್ತಕ್ಷರ ಈಗಲೂ ತಪ್ಪು ಮಾಡುತ್ತಾಳೆ. ಅನುಭವ ಇರುವವರು ಹೇಳಿ.

ಗಿರಿನಗರದ ಗಿರಾಕಿ:

ಮೇಡಂ, ತಪ್ಪು ತಿಳ್ಕೋಬೇಡಿ. ಬೆಂಗಳೂರಿನಲ್ಲಿ ಪ್ರತಿ ಅಪಾರ್ಟ್‌ಮೆಂಟಿಗೂ ನಾಲ್ಕು ಜನ ರಾಮಾನುಜನ್ ಇದ್ದಾರೆ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಎಲ್ಲಾ ಒಂದೇ ಕೋಚಿಂಗ್ ಸೆಂಟರಿನ ಒಂದೇ ಬ್ಯಾಚಿನಲ್ಲಿ ಕೂತಿರುತ್ತಾರೆ. ಈ ವಯಸ್ಸಿಗೆ ಜೋರಾಗಿ ಲೆಕ್ಕ ಮಾಡುವ ಮಕ್ಕಳು ಬೇಕಾದಷ್ಟು. ಬಿಡಿ, ಆಡಿಕೊಂಡಿರಲಿ.

ಸಾಯಂಕಾಲದ ಕಾಫಿ:

ಗಿರಾಕಿ ಸರ್, ಆ ಮಗು ಆಡಿಕೊಂಡೇ ಇದೆಯಲ್ಲ, ನಂಬರ್ ಪ್ಲೇಟ್ ಜೊತೆ. 😀

ನಾನು ಡಬಲ್ ಪ್ರಮೋಷನ್ ಗಿರಾಕಿ. ತುಮಕೂರು ಕಡೆ ಒಂದು ಊರು, ಸರ್ಕಾರಿ ಶಾಲೆ, 80ರ ದಶಕದ ಮಾತು. ಎರಡನೇ ಕ್ಲಾಸಿನಲ್ಲಿದ್ದವಳನ್ನು ಮೇಷ್ಟ್ರು ಒಂದು ದಿನ ಕೈ ಹಿಡಿದುಕೊಂಡು ಹೋಗಿ ನಾಲ್ಕನೇ ಕ್ಲಾಸಿನಲ್ಲಿ ಕೂರಿಸಿದರು. ಅಷ್ಟೇ. ಮನೆಗೆ ಹೇಳಿದ್ದು ಸಾಯಂಕಾಲ. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು.

ಗಣಿತಕ್ಕೆ ಏನೂ ಆಗಲಿಲ್ಲ, ಅದು ಸತ್ಯ. ಒಂದು ತಿಂಗಳಲ್ಲಿ ಎಲ್ಲರನ್ನೂ ಹಿಡಿದುಬಿಟ್ಟೆ. ಆದರೆ ಮೂರನೇ ಕ್ಲಾಸಿನಲ್ಲಿ ಏನೇನು ಕಲಿಸಿದ್ದರೋ ಅದೆಲ್ಲ ನನಗೆ ಒಂದು ತೂತಾಗಿ ಉಳಿದುಹೋಯಿತು, ಮತ್ತು ಆ ತೂತು ಎಲ್ಲಿದೆ ಅಂತ ಮುಂಚೆ ಗೊತ್ತಾಗುತ್ತಿರಲಿಲ್ಲ, ಕಾಲು ಇಟ್ಟಾಗಲೇ ಗೊತ್ತಾಗುತ್ತಿತ್ತು. ಗಡಿಯಾರ ನೋಡಿ ಗಂಟೆ ಹೇಳೋದು ನನಗೆ ಏಳನೇ ಕ್ಲಾಸಿನವರೆಗೂ ಸರಿಯಾಗಿ ಬರುತ್ತಿರಲಿಲ್ಲ ಅಂದರೆ ನಂಬುತ್ತೀರಾ? ಕ್ಲಾಸಿಗೆ ಫಸ್ಟ್ ಬರುವವಳು ಗಂಟೆ ಎಷ್ಟು ಅಂತ ಹೇಗೆ ಕೇಳೋದು! ಮುಚ್ಚಿಟ್ಟುಕೊಂಡು ಓಡಾಡಿದೆ.

ಇನ್ನೊಂದು, ಖೋ-ಖೋ. ನಾಲ್ಕನೇ ಕ್ಲಾಸಿನವರು ಟೀಮ್ ಮಾಡುವಾಗ ನಾನು ಯಾವಾಗಲೂ ಕೊನೆಗೆ ಉಳಿಯುತ್ತಿದ್ದೆ. ಗಿಡ್ಡಿ. ಎರಡನೇ ಕ್ಲಾಸಿನ ಹಳೇ ಗೆಳತಿಯರು, "ನೀನು ದೊಡ್ಡವರ ಜೊತೆ ಹೋಗೇ" ಅನ್ನುತ್ತಿದ್ದರು.

ಪಶ್ಚಾತ್ತಾಪ ಇದೆಯಾ ಅಂದರೆ, ಇಲ್ಲ. ಬೇಗ ಓದು ಮುಗಿಯಿತು, ಬೇಗ ಕೆಲಸ ಸಿಕ್ಕಿತು, ಆ ಕಾಲಕ್ಕೆ ನಮ್ಮ ಮನೆಗೆ ಅದು ದೊಡ್ಡ ವಿಷಯ. ಆದರೆ ನಿಮ್ಮ ಮಗಳಿಗೆ ಬೇಸರ ಆಗಿರುವುದು ಒಂದು ವಿಷಯದಲ್ಲಿ. ಅದಕ್ಕೆ ಆರು ವಿಷಯವನ್ನೂ ಕಿತ್ತು ನೆಡೋದು ಯಾಕೆ? ಒತ್ತಕ್ಷರ ತಪ್ಪುವ ಮಗು ಆರನೇ ಕ್ಲಾಸಿನ ಕನ್ನಡ ಪಾಠ ಹೇಗೆ ಬರೆಯಬೇಕು ಹೇಳಿ.

ಉತ್ತರಹಳ್ಳಿ ಅಪ್ಪ:

ನಾವು ಮೊದಲನೇ ದಾರಿ ಹಿಡಿದಿದ್ದೆವು, ಅಂದರೆ ಗಣಿತಕ್ಕೆ ಮಾತ್ರ ಮೇಲಿನ ಕ್ಲಾಸ್. ಮಗ ನಾಲ್ಕರಲ್ಲಿದ್ದಾಗ ಆರರ ಗಣಿತ. ಈಗ ಹತ್ತನೇ ಕ್ಲಾಸ್, ಹಾಗಾಗಿ ಪೂರ್ತಿ ಸಿನಿಮಾ ನೋಡಿ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಮೊದಮೊದಲು ಹಬ್ಬ. ಹುಡುಗ ಖುಷಿಯಾಗಿದ್ದ. ಸಮಸ್ಯೆ ಟೈಮ್‌ಟೇಬಲ್. ಆರನೇ ಕ್ಲಾಸಿನ ಗಣಿತ ಪೀರಿಯಡ್ ಇರುವಾಗ ನಾಲ್ಕನೇ ಕ್ಲಾಸಿಗೆ ಏನಿತ್ತು ಗೊತ್ತಾ? ವಾರದಲ್ಲಿ ಎರಡು ದಿನ ಕನ್ನಡ, ಎರಡು ದಿನ ಪಿಟಿ. ಇದನ್ನು ನಾವು ಕೇಳಲೇ ಇಲ್ಲ. ಅರ್ಧ ವರ್ಷ ಆದಮೇಲೆ ಮಗನೇ ಅತ್ತುಕೊಂಡು ಹೇಳಿದ, ಗಣಿತ ಅಂದರೆ ನನ್ನ ಆಟ ಹೋಗುತ್ತೆ ಅಂತ. ನೋಡಿ, ಇಷ್ಟದ ವಿಷಯವನ್ನೇ ಶಿಕ್ಷೆ ಮಾಡಿಬಿಟ್ಟಿದ್ದೆವು.

ಎರಡನೇ ಸಮಸ್ಯೆ ದೊಡ್ಡದು. ಮೆಟ್ಟಿಲು ಮುಗಿದುಹೋಗುತ್ತದೆ. ಏಳನೇ ಕ್ಲಾಸಿಗೆ ಬರುವಾಗ ಅವನು ಒಂಬತ್ತರ ಗಣಿತ ಮಾಡುತ್ತಿದ್ದ. ಎಂಟಕ್ಕೆ ಹತ್ತರದು. ಆಮೇಲೆ? ಬೋರ್ಡ್ ಪರೀಕ್ಷೆಯನ್ನು ಒಂದು ವಿಷಯಕ್ಕೆ ಮಾತ್ರ ಮುಂಚೆ ಬರೆಯೋದಕ್ಕೆ ಸ್ಕೂಲಿನಲ್ಲಿ ದಾರಿ ಇರಲಿಲ್ಲ. ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲೆ, ಅಲ್ಲಿ ಕೇಳಿದೆವು, ಅಲ್ಲಿ ಹತ್ತನೇ ಕ್ಲಾಸಿಗೆ 14 ವರ್ಷ ತುಂಬಿರಬೇಕು. ಪಿಯು ಗಣಿತ ಹೇಳಿಕೊಡುವವರು ನಮ್ಮ ಸ್ಕೂಲಿನಲ್ಲಿ ಇರಲಿಲ್ಲ. ಕೊನೆಗೆ ಒಂಬತ್ತರಲ್ಲಿ ಅವನು ವಾಪಸ್ ತನ್ನದೇ ಕ್ಲಾಸಿನ ಗಣಿತಕ್ಕೆ ಕೂತು, ಎರಡು ವರ್ಷ ಹಿಂದೆ ಮಾಡಿದ ಲೆಕ್ಕವನ್ನೇ ಮತ್ತೆ ಮಾಡಿದ. ಯಾವ ಬೇಸರ ತಪ್ಪಿಸೋಕೆ ಹೊರಟಿದ್ದೆವೋ ಅದೇ ಬೇಸರ ಬಡ್ಡಿ ಸಮೇತ ಬಂತು.

ಅವನನ್ನು ಉಳಿಸಿದ್ದು ಒಲಿಂಪಿಯಾಡ್ ಲೆಕ್ಕಗಳು. ಸ್ಕೂಲಿನಲ್ಲಿ ಫೀ ತಗೊಂಡು ಮೆಡಲ್ ಕೊಡುತ್ತಾರಲ್ಲ, ಅದಲ್ಲ. ಐಒಕ್ಯೂಎಂ ಅಂತ ಇದೆ, ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಸುತ್ತಿನ ಪರೀಕ್ಷೆ, ಎಂಟನೇ ಕ್ಲಾಸಿನಿಂದ ಬರೆಯಬಹುದು, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಮೂರು ಗಂಟೆ, 30 ಪ್ರಶ್ನೆ, ಉತ್ತರ ಎಲ್ಲಾ ಎರಡಂಕಿಯ ಒಳಗೆ. ಅಲ್ಲಿ ಪಾಸಾದರೆ ಪ್ರಾದೇಶಿಕ ಸುತ್ತು ಆರ್‌ಎಂಒ, ಆಮೇಲೆ ರಾಷ್ಟ್ರೀಯ ಸುತ್ತು ಐಎನ್‌ಎಂಒ, ಅದರಾಚೆ ಮುಂಬೈಯ ಹೋಮಿ ಭಾಭಾ ಕೇಂದ್ರದವರ ಕ್ಯಾಂಪ್. ಮುಖ್ಯ ವಿಷಯ ಏನಂದರೆ ಇಡೀ ಪರೀಕ್ಷೆಗೆ ಕ್ಯಾಲ್ಕುಲಸ್ ಬೇಡ. ಸಂಖ್ಯೆ, ರೇಖಾಗಣಿತ, ಎಣಿಕೆ, ಬೀಜಗಣಿತ, ಇಷ್ಟೇ. ಹೈಸ್ಕೂಲಿನ ಗಣಿತದಲ್ಲೇ ಆಳಕ್ಕೆ ಇಳಿದರೆ ತಳವೇ ಸಿಗೋದಿಲ್ಲ ಅಂತ ನಮಗೆ ಆಗ ಗೊತ್ತಾಯಿತು. ನನ್ನ ಮಗ ಮೊದಲ ಸಲ ಪ್ರಶ್ನೆಪತ್ರಿಕೆ ನೋಡಿ ನಾಲ್ಕು ಲೆಕ್ಕ ಮಾಡಿದ. ಹತ್ತರ ಗಣಿತ ಮುಗಿಸಿದವನು!

ಇಸ್ರೋ ಲೇಔಟ್ ವಾಸಿ:

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಇಲ್ಲಿ ಎಲ್ಲರೂ ಬೇಡ ಬೇಡ ಅಂತಿದ್ದೀರಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯಲ್ಲಿ ಜೂಲಿಯನ್ ಸ್ಟ್ಯಾನ್ಲಿ ಅನ್ನುವವರು 1971ರಲ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳ ಮೇಲೆ ಅಧ್ಯಯನ ಶುರು ಮಾಡಿದರು, ಆ ಮಕ್ಕಳು ದೊಡ್ಡವರಾದ ಮೇಲೂ ದಶಕಗಳ ಕಾಲ ಬೆನ್ನುಬಿಡದೆ ವಿಚಾರಿಸಿಕೊಂಡು ಬಂದರು. ಮುಂದಕ್ಕೆ ಹೋದವರಲ್ಲಿ ಹೆಚ್ಚಿನವರು, ಒಳ್ಳೆಯದೇ ಆಯಿತು ಅಂದರು. ಮಕ್ಕಳು ಹಾಳಾಗಿಬಿಡುತ್ತಾರೆ ಅನ್ನುವುದು ನಮ್ಮ ಹೆದರಿಕೆ, ಅಷ್ಟೇ.

ಆಸ್ಟ್ರೇಲಿಯಾದಲ್ಲಿ ಬೆಳೆದ ಗಣಿತಜ್ಞ ಟೆರೆನ್ಸ್ ಟಾವೊ ಹೆಸರು ಕೇಳಿರುತ್ತೀರಿ. ಏಳೆಂಟು ವರ್ಷಕ್ಕೇ ಹೈಸ್ಕೂಲಿನಲ್ಲಿ ಗಣಿತ, ಒಂಬತ್ತಕ್ಕೆ ಯೂನಿವರ್ಸಿಟಿ ಗಣಿತ. 1988ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಯಾಡ್ ಚಿನ್ನ ಗೆದ್ದಾಗ ಆಗಷ್ಟೇ ಹದಿಮೂರು ತುಂಬಿತ್ತು.

ಗಿರಿನಗರದ ಗಿರಾಕಿ:

ಸರ್, ಟಾವೊ ಕಥೆ ಅರ್ಧ ಹೇಳಬೇಡಿ. ಒಂಬತ್ತಕ್ಕೆ ಯೂನಿವರ್ಸಿಟಿ ಗಣಿತ ಕಲಿತರೂ ಪೂರ್ತಿಯಾಗಿ ಯೂನಿವರ್ಸಿಟಿಗೆ ಸೇರಿದ್ದು 14ಕ್ಕೆ. ಮಧ್ಯದಲ್ಲಿ ಐದು ವರ್ಷ ಅಪ್ಪ ಅಮ್ಮ ಕಾದರು. ಒಂದೊಂದು ವಿಷಯಕ್ಕೆ ಒಂದೊಂದು ಕ್ಲಾಸಿನಲ್ಲಿ ಕೂರಿಸಿದ್ದರು, ಎಲ್ಲದಕ್ಕೂ ಎತ್ತಿ ಹಾಕಲಿಲ್ಲ. ಅದೂ ಅಡಿಲೇಡ್‌ನಲ್ಲಿ. ಇಲ್ಲಿ ಒಂದು ಸೆಕ್ಷನ್ ಬದಲಾಯಿಸಿಕೊಡಿ ಅಂದರೆ ಆಫೀಸಿನವರು ಮೂರು ದಿನ ಓಡಾಡಿಸುತ್ತಾರೆ.

ಇಸ್ರೋ ಲೇಔಟ್ ವಾಸಿ:

ಅದನ್ನೇ ಹೇಳೋಕೆ ಬಂದೆ, ನೀವು ಮೊದಲೇ ಹೇಳಿಬಿಟ್ಟಿರಿ. ನನ್ನ ವಾದ ಇಷ್ಟೇ, ಬೇಸರದಲ್ಲಿ ಕೂರಿಸುವುದಕ್ಕೂ ಒಂದು ಬೆಲೆ ಇದೆ. 20ಕ್ಕೆ 14 ಬಂದಿದೆಯಲ್ಲ, ಅದು ಆ ಬೆಲೆ.

ನಿವೃತ್ತ ಮೇಷ್ಟ್ರು, ತ್ಯಾಗರಾಜನಗರ:

ತಾಯೀ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ನಿಧಾನವಾಗಿ ಟೈಪ್ ಮಾಡುತ್ತೇನೆ, ತಪ್ಪಿದ್ದರೆ ಕ್ಷಮಿಸಿ.

ಮುಂದೆ ಕಳಿಸಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಒಂದು ವಿಷಯ ನೋಡಬೇಕು. ಮಗು ಬೇಗ ಮಾಡುತ್ತದೋ, ಒಳಗೆ ಹೋಗುತ್ತದೋ? ಇವೆರಡೂ ಬೇರೆ. ನಮ್ಮ ಊರಿನವರೇ ಶಕುಂತಲಾ ದೇವಿ, 1980ರಲ್ಲಿ ಲಂಡನ್ನಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅದು ಅದ್ಭುತ. ಆದರೆ ಗಣಿತಜ್ಞರು ಮಾಡುವ ಕೆಲಸ ಅದಲ್ಲ. ಕಾಪ್ರೇಕರ್ ನಾಸಿಕ್ ಹತ್ತಿರ ದೇವಳಾಲಿಯಲ್ಲಿ ನನ್ನ ಹಾಗೆ ಸ್ಕೂಲ್ ಮೇಷ್ಟ್ರು. ಅವರು ಬೇಗ ಕಳೆದದ್ದಲ್ಲ, ಕಳೆಯುತ್ತಾ ಹೋದರೆ ಏನಾಗುತ್ತದೆ ಅಂತ ನೋಡಿದರು. ಬೇಗ ಮಾಡುವ ಮಗುವಿಗೆ ಮೇಲಿನ ಕ್ಲಾಸ್ ಒಂದು ವರ್ಷಕ್ಕೆ ಸಾಕಾಗುತ್ತದೆ, ಆಮೇಲೆ ಅಲ್ಲೂ ಬೇಗ ಮುಗಿಸಿ ಕೂರುತ್ತದೆ. ಒಳಗೆ ಹೋಗುವ ಮಗುವಿಗೆ ಯಾವ ಕ್ಲಾಸಿನಲ್ಲಿ ಕೂತರೂ ಕೆಲಸ ಇರುತ್ತದೆ, ಕೊಡುವವರು ಬೇಕು ಅಷ್ಟೇ.

ಹೇಗೆ ತಿಳಿಯುವುದು? ಪರೀಕ್ಷೆ ಬೇಡ. ಅವಳ ಆಟದಲ್ಲೇ ಕೇಳಿ. ನಾಲ್ಕಂಕಿ ಬಿಟ್ಟು ಎರಡಂಕಿ ಕೊಡಿ. 81ರಲ್ಲಿ 18 ಹೋದರೆ 63. 63ರಲ್ಲಿ 36 ಹೋದರೆ 27. 72ರಲ್ಲಿ 27 ಹೋದರೆ 45. 54ರಲ್ಲಿ 45 ಹೋದರೆ 09. ಆ ಸೊನ್ನೆ ಬಿಡಬಾರದು, ಇಟ್ಟುಕೊಳ್ಳಬೇಕು. 90ರಲ್ಲಿ 09 ಹೋದರೆ ಮತ್ತೆ 81. ನಿಲ್ಲುವುದೇ ಇಲ್ಲ, ರಿಂಗ್ ರೋಡಿನ ಹಾಗೆ ಸುತ್ತುತ್ತದೆ. ಇದನ್ನು ನೀವು ಹೇಳಬೇಡಿ, ಅವಳೇ ಕಂಡುಹಿಡಿಯಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ, ಈ ಉತ್ತರಗಳೆಲ್ಲ ಒಂಬತ್ತರ ಮಗ್ಗಿಯಲ್ಲೇ ಯಾಕೆ ಬರುತ್ತವೆ? ಕೇಳಿ ಸುಮ್ನೆ ಇದ್ದುಬಿಡಿ. ಒಂದು ವಾರ ಆದರೂ ಸರಿ. ಸುಳಿವು ಕೊಡಬೇಡಿ, ಯೂಟ್ಯೂಬ್ ತೋರಿಸಬೇಡಿ. ಯಜಮಾನರಿಗೂ ಹೇಳಿಬಿಡಿ.

ಪ್ರಶ್ನೆಯನ್ನು ಮರೆತು ಇನ್ನೊಂದು ಆಟಕ್ಕೆ ಹೋದರೆ ಬೇಜಾರೇನಿಲ್ಲ, ಒಂಬತ್ತು ವರ್ಷದ ಮಗು. ಆದರೆ ಅದನ್ನೇ ಹಿಡಿದುಕೊಂಡು ಒದ್ದಾಡಿದರೆ, ಬೀಜಗಣಿತದ ಬಾಗಿಲಿಗೆ ಅವಳೇ ಬಂದು ನಿಂತಿದ್ದಾಳೆ ಅಂತ ತಿಳಿಯಿರಿ. ಏಳನೇ ಕ್ಲಾಸಿನ ಪುಸ್ತಕದಲ್ಲಿ "ಎಕ್ಸ್ ಎಂದಿರಲಿ" ಅಂತ ಶುರು ಮಾಡಿದರೆ ಆ ಬಾಗಿಲು ಯಾಕೆ ಇದೆ ಅಂತಲೇ ಮಕ್ಕಳಿಗೆ ಗೊತ್ತಾಗುವುದಿಲ್ಲ. ಮೂವತ್ತೊಂದು ವರ್ಷ ನಾನೂ ಹಾಗೇ ಶುರು ಮಾಡಿದೆ, ಸಿಲಬಸ್ ಮುಗಿಸಬೇಕಿತ್ತು.

ಸ್ಟೆಪ್ಸ್ ವಿಷಯ. ಮಾರ್ಕ್ಸ್‌ಗೋಸ್ಕರ ಬರೆ ಅಂದರೆ ಬರೆಯುವುದಿಲ್ಲ. ಮೇಲಿನ ಮನೆ ಹುಡುಗಿಗೆ ಅರ್ಥ ಆಗುವ ಹಾಗೆ ಬರೆದುಕೊಡು ಅನ್ನಿ.

ಸಾಯಂಕಾಲದ ಕಾಫಿ:

ಮೇಷ್ಟ್ರೇ, ನಾನು 46ನೇ ವಯಸ್ಸಿನಲ್ಲಿ ಕಾಗದ ಪೆನ್ನು ತಗೊಂಡು ಕೂತೆ ಈಗ. ಕುಕ್ಕರ್ ಐದು ಸಲ ಕೂಗಿತು.

ಉತ್ತರಹಳ್ಳಿ ಅಪ್ಪ:

ಮೇಡಂ, ಹೊರಗೆ ಸಿಗುವ ಜಾಗಗಳನ್ನೂ ನೋಡಿಟ್ಟುಕೊಳ್ಳಿ. ಐಐಎಸ್‌ಸಿ ಆವರಣದೊಳಗೆ ನಿಯಾಸ್ ಅನ್ನುವ ಸಂಶೋಧನಾ ಸಂಸ್ಥೆ ಇದೆ, ಇಂಥ ಮಕ್ಕಳ ಶಿಕ್ಷಣದ ಬಗ್ಗೆಯೇ ಅಲ್ಲಿ ಕೆಲಸ ನಡೆದಿದೆ, ಒಂದು ಮೇಲ್ ಹಾಕಿ ಕೇಳಬಹುದು. ಹೆಸರಘಟ್ಟ ಕಡೆಯ ಐಸಿಟಿಎಸ್ ಅನ್ನುವ ವಿಜ್ಞಾನ ಸಂಶೋಧನಾ ಕೇಂದ್ರದವರು ಮ್ಯಾಥ್ಸ್ ಸರ್ಕಲ್ ನಡೆಸುತ್ತಾರೆ, ಅಂದರೆ ಮಕ್ಕಳು ಒಟ್ಟಿಗೆ ಕೂತು ಗಣಿತ ಮಾಡುವ ಕೂಟ, ಅದು ಹೈಸ್ಕೂಲ್ ಮಕ್ಕಳಿಗೆ, ಇನ್ನೂ ಟೈಮ್ ಇದೆ. ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯದಲ್ಲೂ ಮಕ್ಕಳಿಗೆ ಕಾರ್ಯಕ್ರಮಗಳು ಇರುತ್ತವೆ. ನನ್ನ ಮಗನಿಗೆ ಇಂಥ ಕಡೆ ಸಿಕ್ಕಿದ್ದು ಪಾಠಕ್ಕಿಂತ ಜಾಸ್ತಿ ಜೊತೆ. ತನ್ನ ಹಾಗೇ ತಲೆಕೆಟ್ಟ ಇನ್ನೂ ಹತ್ತು ಹುಡುಗರಿದ್ದಾರೆ ಅಂತ ಗೊತ್ತಾಯಿತು. ಅಲ್ಲಿ ಅವನು ಎಲ್ಲರಿಗಿಂತ ಮುಂದೆ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು.

ಇನ್ನೊಂದು. ಆರನೇ ಕ್ಲಾಸಿನಿಂದ ಐಐಟಿ ಫೌಂಡೇಶನ್ ಅಂತ ಕೋಚಿಂಗ್‌ನವರ ಫೋನ್ ಬರುತ್ತದೆ, ಮಗು ಚುರುಕಿದೆ ಅಂತ ಅವರಿಗೆ ಹೇಗೋ ಗೊತ್ತಾಗುತ್ತದೆ. ಎತ್ತಬೇಡಿ.

ಬನಶಂಕರಿ ಅಮ್ಮ:

ಹನ್ನೆರಡು ದಿನ ಆಯಿತು, ಎಲ್ಲರಿಗೂ ಉತ್ತರ ಕೊಡೋದು ಬಾಕಿ.

ಮೇಷ್ಟ್ರು ಹೇಳಿದ ಹಾಗೆ ಎರಡಂಕಿ ಕೊಟ್ಟೆ. ಸುತ್ತುತ್ತಿದೆ ಅಂತ ಅವತ್ತೇ ಗೊತ್ತಾಯಿತು ಅವಳಿಗೆ, ಪುಸ್ತಕದ ಹಿಂದೆ ದುಂಡಗೆ ಬರೆದಿದ್ದಳು. ಒಂಬತ್ತು ಯಾಕೆ ಅಂತ ಕೇಳಿದೆ. "ಗೊತ್ತಿಲ್ಲ" ಅಂದಳು. ಎರಡು ದಿನ ಏನೂ ಇಲ್ಲ. ಮೂರನೇ ದಿನ ಯಜಮಾನರು ಹೇಳಿಕೊಡೋಕೆ ಬಾಯಿ ತೆರೆದರು, ಅತ್ತೆ ಗದರಿದರು! (ಅತ್ತೆಗೆ ಮೇಷ್ಟ್ರ ಪೋಸ್ಟ್ ಓದಿ ಹೇಳಿದ್ದೆ. ಈಗ ಅವರು ಮೇಷ್ಟ್ರ ಪಾರ್ಟಿ.)

ಐದನೇ ದಿನ ಅಂಗಡಿಗೆ ಹೋಗಿದ್ದೆವು. ಹಾಲು, ಕೊತ್ತಂಬರಿ ತಗೊಂಡು ಚಿಲ್ಲರೆ ಎಣಿಸುತ್ತಿದ್ದೆ. ನನ್ನ ಕೈಯಲ್ಲಿದ್ದ ನಾಣ್ಯ ಕಿತ್ತುಕೊಂಡು ಅಂಗಡಿ ಕಟ್ಟೆ ಮೇಲೆ ಇಟ್ಟಳು. ನಾಲ್ಕು ಹತ್ತು ರೂಪಾಯಿ, ಒಂದು ಒಂದು ರೂಪಾಯಿ. "ಇದು 41. ತಿರುಗಿಸಿದ್ರೆ 14. ಅಂದ್ರೆ ಮೂರು ಹತ್ತರ ನಾಣ್ಯ ತೆಗ್ದು ಮೂರು ಒಂದರ ನಾಣ್ಯ ಇಡ್ಬೇಕು. ಒಂದು ಸಲ ಬದಲಾಯಿಸಿದ್ರೆ ಒಂಬತ್ತು ರೂಪಾಯಿ ಲಾಸ್. ಮೂರು ಸಲ ಅಂದ್ರೆ 27. ಒಂಬತ್ತು ಒಂಬತ್ತೇ ಹೋಗೋದು ಅಮ್ಮ, ಬೇರೆ ಹೋಗೋಕೆ ಆಗಲ್ಲ." ಅಂಗಡಿಯವರು, "ಯಾರಿಗಮ್ಮ ಲಾಸು?" ಅಂದರು. ಹಿಂದೆ ಮೂರು ಜನ ಕಾಯುತ್ತಿದ್ದರು. ನನಗೆ ಅಲ್ಲೇ ಕಣ್ಣು ತುಂಬಿಬಂತು, ಯಾಕೆ ಅಂತ ಗೊತ್ತಿಲ್ಲ.

ಸ್ಕೂಲಿಗೆ ಹೋಗಿ ಮಾತಾಡಿದೆವು. ಡಬಲ್ ಪ್ರಮೋಷನ್ ಬೇಡ ಅಂದೆವು. ಉತ್ತರಹಳ್ಳಿ ಸರ್ ಹೇಳಿದ ಹಾಗೆ ಮೊದಲು ಎರಡೂ ಕ್ಲಾಸಿನ ಟೈಮ್‌ಟೇಬಲ್ ಇಸ್ಕೊಂಡು ಪಕ್ಕಪಕ್ಕ ಇಟ್ಟು ನೋಡಿದರೆ, ನಿಜವಾಗಲೂ ಒಂದು ಪಿಟಿ, ಎರಡು ಕನ್ನಡ ಹೋಗುತ್ತಿತ್ತು. ಹಾಗಾಗಿ ಆರನೇ ಕ್ಲಾಸ್ ಸದ್ಯಕ್ಕೆ ಇಲ್ಲ. ಅವಳದೇ ಕ್ಲಾಸಿನಲ್ಲಿ ಕೂತು, ಕ್ಲಾಸಿನ ಲೆಕ್ಕ ಮುಗಿದ ಮೇಲೆ ಮಿಸ್ ಕೊಟ್ಟ ಬೇರೆ ನೋಟ್‌ಬುಕ್ಕಿನಲ್ಲಿ ಬೇರೆ ಲೆಕ್ಕ. ಮಿಸ್ ಒಳ್ಳೆಯವರು, ಆದರೆ ನಲವತ್ತು ಮಕ್ಕಳ ಮಧ್ಯೆ ಎಷ್ಟು ದಿನ ಆಗುತ್ತದೋ ನೋಡಬೇಕು. ದಸರಾ ರಜೆವರೆಗೆ ನೋಡಿ ಮತ್ತೆ ಮಾತಾಡೋಣ ಅಂತ ಆಗಿದೆ. ಯಜಮಾನರಿಗೆ ಪೂರ್ತಿ ಸಮಾಧಾನ ಇಲ್ಲ, ಇಸ್ರೋ ಲೇಔಟ್ ಸರ್ ಮಾತನ್ನೇ ದಿನಾ ನನಗೆ ಓದಿ ಹೇಳುತ್ತಾರೆ. ಅವರು ಹೇಳುವುದರಲ್ಲೂ ಅರ್ಥ ಇದೆ, ಬೇಸರ ಮತ್ತೆ ಶುರುವಾದರೆ ಆರನೇ ಕ್ಲಾಸಿನ ಬಾಗಿಲು ತಟ್ಟೋದೇ.

ಕಾಫಿ ಅಕ್ಕಾ, ನಿಮ್ಮ ಪೋಸ್ಟ್ ಓದಿದ ರಾತ್ರಿ ಪುಟ್ಟಿಗೆ ಗೋಡೆ ಗಡಿಯಾರ ತೋರಿಸಿ ಗಂಟೆ ಎಷ್ಟು ಅಂತ ಕೇಳಿದೆ. ಸರಿಯಾಗಿ ಹೇಳಿದಳು. ಒತ್ತಕ್ಷರ ಮಾತ್ರ ಹಾಗೇ ಇದೆ, "ಒಂಬತ್ತು" ಅನ್ನುವುದನ್ನೇ ಒತ್ತು ಇಲ್ಲದೆ ಬರೆದಿದ್ದಾಳೆ, ಅದೂ ಅಷ್ಟು ಚೆನ್ನಾಗಿ ವಿವರಿಸಿದ ಪುಟದಲ್ಲಿ.

ಗಿರಿನಗರದ ಗಿರಾಕಿ:

ಆ ನಾಣ್ಯದ ಮಾತು ಓದಿ ನನ್ನ ಮೊದಲ ಪೋಸ್ಟ್ ವಾಪಸ್ ತಗೊಂಡೆ ಮೇಡಂ. ಅರ್ಧ ಮಾತ್ರ. ಕೋಚಿಂಗ್ ಬಗ್ಗೆ ಹೇಳಿದ್ದು ಹಾಗೇ ಇರಲಿ.

ನಿವೃತ್ತ ಮೇಷ್ಟ್ರು, ತ್ಯಾಗರಾಜನಗರ:

ತಾಯೀ, ಆ ನಾಣ್ಯದ ವಿವರಣೆಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಬೋರ್ಡಿನ ಮೇಲೆ ಹೇಳಿರಲಿಲ್ಲ. ಒತ್ತಕ್ಷರ ಬರುತ್ತದೆ, ಬಿಡಿ.

ಈಗ ಐದಂಕಿ ಕೊಡಿ. ಏನಾಗುತ್ತದೆ ಅಂತ ನೀವು ಮೊದಲೇ ನೋಡಿಕೊಳ್ಳಬೇಡಿ, ನಿಮ್ಮ ಮುಖದಲ್ಲಿ ಗೊತ್ತಾಗಿಬಿಡುತ್ತದೆ.